ಬಾಣಂತಿಯ ತಲೆದೆಸೆಯ ಡಬ್ಬಿ

(ಸ್ತನ್ಯಪಾನ ಸಪ್ತಾಹದ ಅಂಗವಾಗಿ ಸಾಗರದಲ್ಲಿ ಸೇರಿದ್ದ ತಾಯಂದಿರ ಮುಂದೆ ಆಡಿದ ಮಾತುಗಳ ಬರಹ ರೂಪ)



ರಾತ್ರಿ ಎರಡು ಗಂಟೆ. ಹೊರಗೆ ಬಿಡದೆ ಸುರಿಯುವ ಮಳೆ. ಕೂಸು ಎದ್ದು ಹಾಲು ಕುಡಿದು ಮತ್ತೆ ಮಲಗಿದೆ. ತಾಯಿಗೆ ಮಾತ್ರ ನಿದ್ದೆ ಬರುತ್ತಿಲ್ಲ, ಹೊಟ್ಟೆ ಚುರುಗುಟ್ಟುತ್ತಿದೆ. ಅಡುಗೆಮನೆ ನಡುಮನೆಯ ಆಚೆ ಇದೆ. ಎದ್ದು ಹೋದರೆ ಪಾತ್ರೆ ಸದ್ದಾಗುತ್ತದೆ, ಮನೆಮಂದಿ ಏಳುತ್ತಾರೆ. ಎದ್ದವರು ಏನೆಂದಾರು? "ರಾತ್ರಿ ಊಟ ಸರಿಯಾಗಿ ಮಾಡಿದ್ದೆಯಲ್ಲ ಮಗಾ, ಈಗೆಂಥ ಹಸಿವು?" ಎಂದಾರು. ಆಕೆ ಒಂದು ಗುಟುಕು ಬಿಸಿನೀರು ಕುಡಿದು, ಮಗ್ಗುಲು ಬದಲಿಸಿ ಬೆಳಗಾಗುವುದನ್ನು ಕಾಯುತ್ತಾಳೆ.

ಇಲ್ಲಿ ಕುಳಿತವರಲ್ಲಿ ಈ ಹಸಿವನ್ನು ಕಾಣದ ತಾಯಿ ಇರಲಾರಳು. ಕೆಲವರ ಮನೆಯಲ್ಲಿ ಅದನ್ನು 'ಅಬ್ಬೆ'ಗೆ ಹೇಳಿರಬಹುದು, ಇನ್ನು ಕೆಲವರ ಮನೆಯಲ್ಲಿ 'ಅವ್ವ'ನಿಗೆ. ಬಹಳ ಮಂದಿ ಯಾರಿಗೂ ಹೇಳದೆ ನುಂಗಿಕೊಂಡಿರುತ್ತೀರಿ. ನಾನು ಇಂದು ಮಾತಾಡಬೇಕೆಂದಿರುವುದು ಈ ಹಸಿವಿನ ಬಗ್ಗೆ, ಮತ್ತು ಅದಕ್ಕೆ ಉತ್ತರವಾಗಿ ಬಾಣಂತಿಯ ತಲೆದೆಸೆಯಲ್ಲಿ ಇರಬೇಕಾದ ಒಂದು ಡಬ್ಬಿಯ ಬಗ್ಗೆ. ಸಣ್ಣ ವಿಷಯವೆಂದು ಕಾಣಬಹುದು. ಕೊನೆಯವರೆಗೆ ಕೇಳಿ; ಅದು ಅಷ್ಟು ಸಣ್ಣದಲ್ಲ.

ಹಸಿವು ರೋಗವಲ್ಲ

ಮೊದಲು ಲೆಕ್ಕ ನೋಡೋಣ. ಮೊದಲ ಆರು ತಿಂಗಳು ತಾಯಿ ಹಾಲೊಂದನ್ನೇ ಕುಡಿದು ಬೆಳೆಯುವ ಮಗು ದಿನಕ್ಕೆ ಸುಮಾರು ಮುಕ್ಕಾಲು ಲೀಟರ್ ಹಾಲು ಕುಡಿಯುತ್ತದೆ. ಈ ಹಾಲು ಆಕೆ ಉಂಡ ಅನ್ನದಿಂದ, ಇಲ್ಲವೇ ಆಕೆಯ ಮೈಯಿಂದಲೇ ಬರಬೇಕು. ಆದ್ದರಿಂದ ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿಯಷ್ಟು ಹೆಚ್ಚಿನ ಆಹಾರ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ ಹೇಳಿದೆ. ಇದರ ಜೊತೆಗೆ ಸುಮಾರು 17 ಗ್ರಾಂ ಹೆಚ್ಚಿನ ಪ್ರೋಟೀನು, ಒಟ್ಟು 1200 ಮಿಲಿಗ್ರಾಂ ಸುಣ್ಣದಂಶ ಬೇಕು. ಅಂದರೆ ದಿನದ ಊಟದ ಮೇಲೆ ಇನ್ನೂ ಒಂದು ಹೊತ್ತಿನ ಊಟ. ಬಸುರಿಯಾಗಿದ್ದಾಗ "ಇಬ್ಬರ ಊಟ ಮಾಡು" ಎಂದು ಒತ್ತಾಯಿಸುವ ನಾವು, ನಿಜವಾಗಿ ಹೆಚ್ಚು ಬೇಕಾಗುವುದು ಹೆರಿಗೆಯ ನಂತರ ಎಂಬುದನ್ನು ಮರೆಯುತ್ತೇವೆ.

ಈ ಹೆಚ್ಚಿನ ಊಟವನ್ನು ಒಂದೇ ಸಲ ತಟ್ಟೆಗೆ ಸುರಿದರೆ ಆಗದು. ಬಾಣಂತಿಗೆ ಸಾವಕಾಶವಾಗಿ ಕುಳಿತು ಉಣ್ಣಲು ಬಿಡುವಿಲ್ಲ. ತುತ್ತು ಬಾಯಿಗಿಡುವಷ್ಟರಲ್ಲಿ ಕೂಸು ಅಳುತ್ತದೆ. ಆದ್ದರಿಂದ ಅದು ಬೆಳಿಗ್ಗೆ ಹತ್ತೂವರೆಗೆ, ಸಂಜೆ ನಾಲ್ಕಕ್ಕೆ, ರಾತ್ರಿ ಎರಡಕ್ಕೆ ಹೀಗೆ ಸ್ವಲ್ಪ ಸ್ವಲ್ಪವಾಗಿ ಹೋಗಬೇಕು. ತಿಂಡಿ ಎಂಬುದು ಬಾಣಂತಿಗೆ ನಾಲಿಗೆಯ ಚಪಲವಲ್ಲ, ಅದು ಆಕೆಯ ಊಟದ ಭಾಗ.

ನಮ್ಮ ಕಡೆಯ ಬಾಣಂತನ

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಬಾಣಂತನ ಎಂದರೆ ಒಂದು ದೊಡ್ಡ ವ್ಯವಸ್ಥೆ. ತವರಿನ ಬೆಚ್ಚನೆಯ ಕೋಣೆ, ಬಚ್ಚಲಿನ ಹಂಡೆಯಲ್ಲಿ ಕಾದ ನೀರು, ಮೈಗೆ ಎಣ್ಣೆ, ಹೊಟ್ಟೆಗೆ ಬಿಗಿದ ಬಟ್ಟೆ, ಸಾಂಬ್ರಾಣಿಯ ಹೊಗೆ. ಊಟಕ್ಕೆ ತುಪ್ಪ ಹಾಕಿದ ಬಿಸಿ ಅನ್ನ, ಕಾಳುಮೆಣಸಿನ ಸಾರು, ಬೆಳ್ಳುಳ್ಳಿ, ಒಣಶುಂಠಿ, ಓಮ, ಜೀರಿಗೆ. ಮಾಂಸ ತಿನ್ನುವ ಮನೆಗಳಲ್ಲಿ ಕೋಳಿಸಾರು. ನಲವತ್ತು ದಿನ ಆಕೆಗೆ ಸೌದೆ ಹೊರುವ, ನೀರು ಸೇದುವ, ಕೊಟ್ಟಿಗೆ ಗುಡಿಸುವ ಕೆಲಸ ಇಲ್ಲ. ಬೇರೆ ದಿನಗಳಲ್ಲಿ ಮನೆಯ ಹೆಣ್ಣುಮಗಳಿಗೆ ಸಿಗದ ಈ ವಿಶ್ರಾಂತಿಯನ್ನು ಹಿರಿಯರು ಶಾಸ್ತ್ರದ ಹೆಸರಿನಲ್ಲಿಯಾದರೂ ಉಳಿಸಿಕೊಟ್ಟರು. ಅದಕ್ಕಾಗಿ ಅವರಿಗೆ ಕೈಮುಗಿಯಬೇಕು.

ಈ ಅಡುಗೆಗೆ ಉದ್ದದ ಇತಿಹಾಸವಿದೆ. ಚರಕ ಸಂಹಿತೆಯ ಶಾರೀರ ಸ್ಥಾನದಲ್ಲಿ ಹೆತ್ತ ಹೆಂಗಸಿಗೆ ಹಿಪ್ಪಲಿ, ಶುಂಠಿ ಮುಂತಾದುವನ್ನು ಸೇರಿಸಿದ ತುಪ್ಪವನ್ನೋ ಎಣ್ಣೆಯನ್ನೋ ಕೊಡಬೇಕು, ಹೊಟ್ಟೆಗೆ ಬಟ್ಟೆ ಸುತ್ತಬೇಕು, ಗಂಜಿ ಕುಡಿಸಬೇಕು ಎಂದಿದೆ. ನಮ್ಮ ಅಜ್ಜಿಯರು ಮಾಡುವುದಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ. ಸಾರಿಗೆ ಹಾಕುವ ಕಾಳುಮೆಣಸಂತೂ ನಮ್ಮ ಕಾಡಿನದೇ. ಕೆಳದಿಯ ನಾಯಕರು ಪೋರ್ಚುಗೀಸರೊಡನೆ ವ್ಯಾಪಾರಕ್ಕಿಟ್ಟ ಸರಕುಗಳಲ್ಲಿ ಮೆಣಸು ಮುಖ್ಯವಾದುದು. ಇದೇ ಮನೆತನದ ಬಸವಪ್ಪ ನಾಯಕ 1709ರಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಶಿವತತ್ತ್ವ ರತ್ನಾಕರ'ದಲ್ಲಿ ಪಾಕಶಾಸ್ತ್ರಕ್ಕೂ ಜಾಗವಿದೆ. ಅದು ಅರಮನೆಯ ಅಡುಗೆ. ಬಾಣಂತಿಯ ಅಡುಗೆ ಮಾತ್ರ ಹೆಚ್ಚಾಗಿ ಅಜ್ಜಿಯಂದಿರ ಕೈಯಲ್ಲೇ ಉಳಿದುಬಂತು.

ಆದರೆ ಚರಕದ ಆ ಭಾಗದಲ್ಲೇ ಇನ್ನೊಂದು ಮಾತಿದೆ. ಐದು ಅಥವಾ ಏಳು ರಾತ್ರಿ ಹೀಗೆ ಹಗುರವಾಗಿ ನಡೆಸಿ, ಆಮೇಲೆ ಕ್ರಮಕ್ರಮವಾಗಿ ಆಕೆಯನ್ನು ಪುಷ್ಟಿಗೊಳಿಸಬೇಕು ಎಂಬುದು ಅದರ ತಾತ್ಪರ್ಯ. ಹಗುರ ಊಟಕ್ಕೆ ವಾರದ ಗಡಿ ಇದೆ. ಪುಷ್ಟಿ ಮುಂದಿನ ಕೆಲಸ. ನಾವು ಏನು ಮಾಡಿದ್ದೇವೆ? ವಾರದ ಪಥ್ಯವನ್ನು ನಲವತ್ತು ದಿನಕ್ಕೆ, ಕೆಲವು ಮನೆಗಳಲ್ಲಿ ಮೂರು ತಿಂಗಳಿಗೆ ಎಳೆದಿದ್ದೇವೆ. ಸೊಪ್ಪು ಶೀತ, ಕಾಳು ವಾಯು, ಬದನೆ ನಂಜು, ಹಣ್ಣು ಕೂಸಿಗೆ ಕೆಮ್ಮು, ನೀರು ಜಾಸ್ತಿ ಕುಡಿದರೆ ಹೊಟ್ಟೆ ಬರುತ್ತದೆ, ಹೀಗೆ ಒಂದೊಂದನ್ನೇ ತೆಗೆದು ಹಾಕಿದರೆ ತಟ್ಟೆಯಲ್ಲಿ ಉಳಿಯುವುದು ಬಿಳಿ ಅನ್ನ ಮತ್ತು ಮೆಣಸಿನ ಸಾರು.

ಹಿರಿಯರ ಹೆದರಿಕೆಗೆ ಕಾರಣ ಇರಲಿಲ್ಲವೆಂದಲ್ಲ. ಮಲೇರಿಯಾದಿಂದ ನರಳಿದ ಮಲೆನಾಡು ಇದು. ಆಸ್ಪತ್ರೆ ದೂರ, ಮಳೆಗಾಲದಲ್ಲಿ ಹಳ್ಳ ದಾಟಲಾಗದು, ಕುಡಿಯುವ ನೀರು ಕದಡಿದ್ದು. ಹೊಟ್ಟೆ ಕೆಟ್ಟರೆ ಬಾಣಂತಿ ಉಳಿಯುವುದೇ ಕಷ್ಟವಾಗಿದ್ದ ಕಾಲದಲ್ಲಿ ಕುದಿಸಿದ್ದು, ಹಗುರವಾದದ್ದು, ಬಿಸಿಯಾದದ್ದು ಮಾತ್ರ ಕೊಡಿ ಎಂದದ್ದು ವಿವೇಕವೇ. ಇವತ್ತೂ ನೀರು ಕುದಿಸಿಯೇ ಕೊಡಿ. ಆದರೆ ಬಾಯಾರಿದಾಗಲೆಲ್ಲ ಕೊಡಿ, ಅಳೆದು ಕೊಡಬೇಡಿ.

ಪಥ್ಯ ಉಳಿಯಿತು, ಅಕ್ಕಿ ಬದಲಾಯಿತು

ಈಗ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇನೆ.

ನಮ್ಮ ಮುತ್ತಜ್ಜಿ ಬಾಣಂತಿಯಾಗಿದ್ದಾಗ ಉಂಡದ್ದೂ ಅನ್ನ, ಸಾರು, ತುಪ್ಪವೇ. ಆದರೆ ಆ ಅಕ್ಕಿ ಮನೆಯ ಒರಳಿನಲ್ಲಿ ಒನಕೆಯಿಂದ ಕುಟ್ಟಿದ್ದು. ಎಷ್ಟು ಕುಟ್ಟಿದರೂ ಕಾಳಿನ ಮೈಮೇಲೆ ಕೆಂಪು ತೌಡು ಅಷ್ಟಿಷ್ಟು ಉಳಿಯುತ್ತಿತ್ತು. ಊರಿಗೆ ಅಕ್ಕಿ ಗಿರಣಿ ಬಂದಿತು; ಹೆಂಗಸರ ರಟ್ಟೆಗೆ ಬಿಡುವು ಸಿಕ್ಕಿತು. ಅದು ಒಳ್ಳೆಯದೇ. ಆದರೆ ಅಕ್ಕಿ ಮಲ್ಲಿಗೆಯಂತೆ ಬೆಳ್ಳಗಾಯಿತು, ತೌಡು ದನದ ಕಲಗಚ್ಚಿಗೆ ಹೋಯಿತು. ಪಥ್ಯ ಮಾತ್ರ ಹಾಗೆಯೇ ಉಳಿಯಿತು.

ತೌಡಿನ ಜೊತೆ ಹೋದದ್ದು ಏನೆಂಬುದು ತಿಳಿದದ್ದು ಜಾವಾ ದ್ವೀಪದ ಕೋಳಿಗಳಿಂದ. ಅಲ್ಲಿನ ಬಟಾವಿಯಾದಲ್ಲಿ 1890ರ ದಶಕದಲ್ಲಿ ಐಕ್ಮನ್ ಎಂಬ ಡಚ್ ವೈದ್ಯ ಬೆರಿಬೆರಿ ರೋಗದ ಮೂಲ ಹುಡುಕುತ್ತಿದ್ದ. ಆಸ್ಪತ್ರೆಯಲ್ಲಿ ಉಳಿದ ಬಿಳಿ ಅನ್ನ ತಿಂದ ಕೋಳಿಗಳ ಕಾಲು ಸೋತವು. ತೌಡಿರುವ ಅಕ್ಕಿ ತಿಂದಾಗ ಅವೇ ಚೇತರಿಸಿಕೊಂಡವು. ಈ ಜಾಡಿಗೆ 1929ರಲ್ಲಿ ಆತನಿಗೆ ನೊಬೆಲ್ ಪ್ರಶಸ್ತಿಯ ಪಾಲು ಬಂತು. ಆ ವಸ್ತುವೇ ಬಿ-1 ಜೀವಸತ್ವ, ಅಂದರೆ ಥಯಾಮಿನ್. ನಮ್ಮ ದೇಶದ ಪೌಷ್ಟಿಕ ಸಂಶೋಧನೆಯ ಕಥೆಯೂ ಇಲ್ಲಿಂದಲೇ ಶುರುವಾಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 1918ರಲ್ಲಿ ಕೂನೂರಿನ ಒಂದು ಕೋಣೆಯಲ್ಲಿ ಆರಂಭವಾದಾಗ ಅದರ ಹೆಸರೇ 'ಬೆರಿಬೆರಿ ವಿಚಾರಣಾ ಘಟಕ'. ಅದನ್ನು ಕಟ್ಟಿದವರು ರಾಬರ್ಟ್ ಮೆಕ್ಯಾರಿಸನ್.

ಇದು ಹಳೆಯ ಕಥೆಯಾಗಿ ಮುಗಿದಿದ್ದರೆ ನಾನು ಇಲ್ಲಿ ಹೇಳುತ್ತಿರಲಿಲ್ಲ. ತಾಯಿಯ ಊಟದಲ್ಲಿ ಬಿ-1 ಇಲ್ಲದಿದ್ದರೆ ಆಕೆಯ ಹಾಲಿನಲ್ಲೂ ಅದು ಕಡಿಮೆಯಾಗುತ್ತದೆ. ತಾಯಿಗೆ ಪಾದ ಜುಮುಗುಟ್ಟಬಹುದು, ಏನೂ ಆಗದೆಯೂ ಇರಬಹುದು. ಆದರೆ ಎರಡು ಮೂರು ತಿಂಗಳ, ನೋಡಲು ಮೈಕೈ ತುಂಬಿಕೊಂಡ ಕೂಸು ಇದ್ದಕ್ಕಿದ್ದಂತೆ ಹಾಲು ಬಿಡುತ್ತದೆ, ವಾಂತಿ ಮಾಡುತ್ತದೆ, ಏದುಸಿರು ಬಿಡುತ್ತದೆ, ಅತ್ತರೆ ಸ್ವರ ಹೊರಡುವುದಿಲ್ಲ. ಹೃದಯ ಸೋಲುತ್ತಿರುತ್ತದೆ. ಕಾಶ್ಮೀರದ ಮತ್ತು ನಮ್ಮ ಕರ್ನಾಟಕದ ಮಕ್ಕಳ ವೈದ್ಯರು ಇತ್ತೀಚಿನ ವರ್ಷಗಳಲ್ಲಿ ಇಂಥ ಶಿಶುಗಳ ಬಗ್ಗೆ ಬರೆದಿದ್ದಾರೆ. ಪಾಲಿಷ್ ಅಕ್ಕಿಯ ಅನ್ನ ಉಣ್ಣುತ್ತ, ಬಾಣಂತನದ ಪಥ್ಯ ಹಿಡಿದ ತಾಯಂದಿರ ಮಕ್ಕಳು ಅವರು. ಥಯಾಮಿನ್ ಚುಚ್ಚುಮದ್ದು ಬೇಗ ಸಿಕ್ಕಿದರೆ ಸಾವಿನ ಅಂಚಿನಲ್ಲಿದ್ದ ಕೂಸು ಒಂದೆರಡು ದಿನದಲ್ಲಿ ಚೇತರಿಸಿಕೊಳ್ಳುತ್ತದೆ. ಸಿಗದಿದ್ದರೆ ಏನಾಗುತ್ತದೆಂದು ನಾನು ಹೇಳಬೇಕಾಗಿಲ್ಲ. ಇಂಥ ಲಕ್ಷಣ ಕಂಡರೆ ದೃಷ್ಟಿ ತೆಗೆಯುತ್ತ ಹೊತ್ತು ಕಳೆಯಬೇಡಿ. ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ತಾಯಿ ಏನೇನು ಉಣ್ಣುತ್ತಿದ್ದಾಳೆ ಎಂಬುದನ್ನೂ ವೈದ್ಯರಿಗೆ ಹೇಳಿರಿ. ಹಾಲು ಬಿಡಿಸುವುದು ಇದಕ್ಕೆ ಪರಿಹಾರವಲ್ಲ. ತಾಯಿಯ ಊಟ ಸರಿಪಡಿಸುವುದು ಪರಿಹಾರ.

ಊಟದಲ್ಲೇ ಕೆಲವು ಸುಧಾರಣೆ ಸಾಧ್ಯ. ಘಟ್ಟದ ಕೆಳಗಿನವರು ಉಣ್ಣುವ ಕುಚ್ಚಲಕ್ಕಿಯಲ್ಲಿ ಭತ್ತವನ್ನು ಬೇಯಿಸುವಾಗಲೇ ಬಿ-1 ಕಾಳಿನ ಒಳಕ್ಕೆ ಇಳಿದಿರುತ್ತದೆ, ಗಿರಣಿಗೆ ಹಾಕಿದರೂ ಪೂರ್ತಿ ಹೋಗುವುದಿಲ್ಲ. ಸಿಕ್ಕುವವರು ಅದನ್ನು ಬಳಸಿರಿ. ಅಕ್ಕಿಯನ್ನು ನಾಲ್ಕೈದು ಸಲ ತೊಳೆಯಬೇಡಿ. ಅನ್ನ ಬಸಿದ ಗಂಜಿತಿಳಿಯನ್ನು ಚೆಲ್ಲಬೇಡಿ, ಉಪ್ಪು ತುಪ್ಪ ಹಾಕಿ ಬಾಣಂತಿಗೇ ಕೊಡಿ.

ಅಡಿಕೆ ಬೆಳೆಯುವ ನಾಡಿನಲ್ಲಿ ನಿಂತು ಇನ್ನೊಂದು ಮಾತು ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳಬೇಕು. ಊಟವಾದ ಮೇಲೆ ಬಾಣಂತಿಗೆ ಎಲೆಯಡಿಕೆ ಕೊಡುವ ರೂಢಿ ಇದೆ. ಅಡಿಕೆಯ ಒಗರು ಬಿ-1ನ್ನು ಕೆಡಿಸುತ್ತದೆ. ಊಟದ ಬೆನ್ನಿಗೇ ಕುಡಿದ ಚಹಾ ಕಬ್ಬಿಣದಂಶ ಮೈಗೆ ಹತ್ತದಂತೆ ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೂ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಸುಣ್ಣದಂಶಕ್ಕಾಗಿ ಎಲೆಗೆ ಸುಣ್ಣ ಹಚ್ಚುವುದಾದರೆ ಅದಕ್ಕಿಂತ ಹಿತವಾದ ದಾರಿ ಎಳ್ಳಿನಲ್ಲಿದೆ, ಮಜ್ಜಿಗೆಯಲ್ಲಿದೆ.

ಉಂಡೆಯ ಗುಟ್ಟು

ಬಿಳಿ ಅಕ್ಕಿ ಕಳೆದುಕೊಂಡದ್ದನ್ನು ತುಂಬಿಕೊಡುವ ವಸ್ತುಗಳು ಯಾವುವು? ಹೆಸರುಕಾಳು, ಶೇಂಗಾ, ಎಳ್ಳು. ಅದೇ ತೂಕದ ಬಿಳಿ ಅಕ್ಕಿಗಿಂತ ಇವುಗಳಲ್ಲಿ ಬಿ-1 ಹಲವು ಪಟ್ಟು ಹೆಚ್ಚು. ಪ್ರೋಟೀನು ಶೇಂಗಾದಲ್ಲೂ ಹೆಸರಿನಲ್ಲೂ ನೂರು ಗ್ರಾಮಿಗೆ 22ರಿಂದ 25 ಗ್ರಾಮಿನಷ್ಟಿದೆ. ಸಿಪ್ಪೆ ಸಹಿತದ ಎಳ್ಳಿನಲ್ಲಿ ನೂರು ಗ್ರಾಮಿಗೆ ಸಾವಿರ ಮಿಲಿಗ್ರಾಮಿಗೂ ಮೇಲೆ ಸುಣ್ಣದಂಶವಿದೆ. ಇವೆಲ್ಲ ಸೇರುವುದು ಎಲ್ಲಿ? ನಮ್ಮ ಅಜ್ಜಿಯರು ಕಟ್ಟುವ ಉಂಡೆಯಲ್ಲಿ!

ಇದು ನಮ್ಮೂರಿನ ಜಾಣತನ ಮಾತ್ರವಲ್ಲ. ಉತ್ತರ ಕರ್ನಾಟಕದಲ್ಲಿ ಬಾಣಂತಿಗೆ ಅಂಟಿನ ಉಂಡೆ, ಮಹಾರಾಷ್ಟ್ರದಲ್ಲಿ ಡಿಂಕ ಲಾಡು ಮತ್ತು ಅಳವಿ ಬೀಜದ ಲಾಡು, ಪಂಜಾಬಿನಲ್ಲಿ ತುಪ್ಪದಲ್ಲಿ ಹುರಿದ ಪಂಜೀರಿ. ಕೊರಿಯಾದಲ್ಲಿ ಹೆತ್ತವಳಿಗೆ ಕಡಲಪಾಚಿಯ ಸಾರು, ಚೀನಾದಲ್ಲಿ ತಿಂಗಳ ಕಾಲ ವಿಶ್ರಾಂತಿ, ಶುಂಠಿ ಹಾಕಿದ ಅಡುಗೆ. ಭಾರತದ ಉದ್ದಕ್ಕೂ ಉಂಡೆಯೇ ಏಕೆ ಬಂತೆಂದು ಯೋಚಿಸಿದರೆ ಕಾರಣ ಸರಳ. ಅದು ವಾರಗಟ್ಟಲೆ ಕೆಡುವುದಿಲ್ಲ. ಬಿಸಿ ಮಾಡಬೇಕಾಗಿಲ್ಲ. ಸಣ್ಣದರಲ್ಲಿ ಬಹಳ ಶಕ್ತಿ ಅಡಗಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಕೈಯಲ್ಲಿ ಕೂಸನ್ನು ಹಿಡಿದು ಇನ್ನೊಂದು ಕೈಯಲ್ಲಿ ತಿನ್ನಬಹುದು.

ಮನೆಯಲ್ಲೇ ಮಾಡಿ ಎನ್ನಲು ಇನ್ನೊಂದು ಕಾರಣವೂ ಇದೆ. ನಮ್ಮ ಮನೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ಒಂದು ಕಣಿವೆಗೆ ಒಂದು ಮನೆ, ಗುಡ್ಡದಾಚೆ ಇನ್ನೊಂದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ಶರಾವತಿ ಹಿನ್ನೀರಿನ ಆಚೆ ಉಳಿದವರಿಗೆ, 2025ರಲ್ಲಿ ಸಿಗಂದೂರು ಸೇತುವೆ ಆಗುವವರೆಗೂ, ಲಾಂಚ್ ಬಂದರೆ ಸಾಗರ, ಬಾರದಿದ್ದರೆ ಇಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ, ಹೊಸನಗರ ತಾಲ್ಲೂಕಿನ ಹುಲಿಕಲ್ ಕಡೆಯ ಮಳೆಗಾಲವನ್ನು ಕಂಡವರಿಗೆ ಪೇಟೆಯ ಡಬ್ಬದ ಪುಡಿಯನ್ನು ನಂಬಿ ಕೂರುವಂತಿಲ್ಲವೆಂದು ಗೊತ್ತು. ಮನೆಯ ಭರಣಿಯಲ್ಲಿ ಇರುವುದೇ ನಮ್ಮ ಔಷಧದ ಅಂಗಡಿ.

ಡಬ್ಬಿಗೆ ಏನು ಹಾಕಬೇಕು?

ಮೊದಲನೆಯದು ಶೇಂಗಾ-ಎಳ್ಳಿನ ಉಂಡೆ. ಶೇಂಗಾ ಕಾಲು ಕೆ.ಜಿ., ಎಳ್ಳು 100 ಗ್ರಾಂ, ಬೆಲ್ಲ 200 ಗ್ರಾಂ. ಶೇಂಗಾ ಮತ್ತು ಎಳ್ಳನ್ನು ಬೇರೆ ಬೇರೆಯಾಗಿ, ಸಣ್ಣ ಉರಿಯಲ್ಲಿ, ಪರಿಮಳ ಬರುವಷ್ಟೇ ಹುರಿಯಿರಿ. ಕಪ್ಪಾಗಿಸಬೇಡಿ, ಹೆಚ್ಚು ಹುರಿದರೆ ನಾವು ಬೇಕೆನ್ನುವ ಬಿ-1 ಬೆಂಕಿಗೆ ಹೋಗುತ್ತದೆ. ತರಿತರಿಯಾಗಿ ಕುಟ್ಟಿ, ಪುಡಿ ಮಾಡಿದ ಬೆಲ್ಲ ಮತ್ತು ಚಿಟಿಕೆ ಒಣಶುಂಠಿ ಪುಡಿ ಬೆರೆಸಿ ಮತ್ತೊಮ್ಮೆ ಕುಟ್ಟಿದರೆ ಎಣ್ಣೆ ಬಿಟ್ಟು ತಾನಾಗಿಯೇ ಉಂಡೆಯಾಗುತ್ತದೆ. ಪಾಕದ ಹಂಗಿಲ್ಲ. ಇದರಲ್ಲಿ ಇಪ್ಪತ್ತು ಉಂಡೆ ಆಗುತ್ತವೆ. ಎರಡು ಉಂಡೆಯಲ್ಲಿ ಸುಮಾರು 270 ಕ್ಯಾಲೊರಿ, 8 ಗ್ರಾಂ ಪ್ರೋಟೀನು. ಬಾಣಂತಿಗೆ ಬೇಕಾದ ಹೆಚ್ಚಿನ ಆಹಾರದ ಅರ್ಧದ ಹತ್ತಿರ ಈ ಎರಡರಲ್ಲೇ ಬಂತು.

ಎರಡನೆಯದು ಹೆಸರುಕಾಳಿನ ಉಂಡೆ. ಕಾಲು ಕೆ.ಜಿ. ಹೆಸರುಕಾಳನ್ನು ಸಿಪ್ಪೆಯೊಡನೆ ಹಸಿವಾಸನೆ ಹೋಗುವಂತೆ ಹುರಿದು, ನುಣ್ಣಗೆ ಬೀಸಿ, 150 ಗ್ರಾಂ ಬೆಲ್ಲದ ಪುಡಿ, ಏಲಕ್ಕಿ ಸೇರಿಸಿ, ಉಂಡೆ ಕಟ್ಟಲು ಬರುವಷ್ಟು ಬಿಸಿ ತುಪ್ಪ ಹಾಕಿ. "ಕಾಳು ವಾಯು" ಎಂದು ಹೆದರುವ ಅಜ್ಜಿಯರೂ ಹೆಸರಿಗೆ ಅಷ್ಟು ಬೇಡವೆನ್ನುವುದಿಲ್ಲ. ಕಾಳುಗಳಲ್ಲಿ ಅದು ಹಗುರವೆಂದು ಅವರಿಗೂ ಗೊತ್ತು. ಪಥ್ಯದ ಬಾಗಿಲು ತೆರೆಯಲು ಇದೇ ಒಳ್ಳೆಯ ಕೀಲಿಕೈ.

ಮೂರನೆಯದು ಮೆಂತೆ ಉಂಡೆ. ಗೋಧಿ ಹಿಟ್ಟು ಕಾಲು ಕೆ.ಜಿ., ಹುರಿದು ಪುಡಿ ಮಾಡಿದ ಮೆಂತೆ 50 ಗ್ರಾಂ, ಒಂದು ಗಿಟುಕು ಒಣಕೊಬ್ಬರಿಯ ತುರಿ, ಬೀಜ ತೆಗೆದು ಚೂರು ಮಾಡಿದ ಉತ್ತುತ್ತೆ ಒಂದು ಹಿಡಿ, ಬೆಲ್ಲ ಕಾಲು ಕೆ.ಜಿ. ಹಿಟ್ಟನ್ನು ತುಪ್ಪದಲ್ಲಿ ಕಮ್ಮಗೆ ಹುರಿದು, ಎಲ್ಲವನ್ನೂ ಬೆರೆಸಿ ಬಿಸಿಯಿರುವಾಗಲೇ ಕಟ್ಟಿ. ದಿನಕ್ಕೆ ಒಂದು ಸಾಕು. ಮೆಂತೆ ಅತಿಯಾದರೆ ಹೊಟ್ಟೆ ಸಡಿಲವಾಗುತ್ತದೆ.

ಸಿಹಿ ಬೇಡವೆನ್ನುವವರಿಗೆ ಬೇರೆ ದಾರಿಗಳಿವೆ. ಹುರಿಗಡಲೆ, ಶೇಂಗಾ, ಒಣಕೊಬ್ಬರಿ ಚೂರು, ಕರಿಬೇವು, ಬೆಳ್ಳುಳ್ಳಿ ಹಾಕಿ ಒಗ್ಗರಿಸಿದ ಅವಲಕ್ಕಿ ಡಬ್ಬಿಯಲ್ಲಿ ಹತ್ತು ದಿನ ಗರಿಗರಿಯಾಗಿರುತ್ತದೆ. ಸಂಜೆಗೆ ಸಬ್ಬಸಿಗೆ ಸೊಪ್ಪು ಹಾಕಿದ ಅಕ್ಕಿರೊಟ್ಟಿ, ಮೇಲೊಂದಿಷ್ಟು ಬೆಣ್ಣೆ. ಮೊಳಕೆ ಬರಿಸಿದ ಹೆಸರನ್ನು ಹಬೆಯಲ್ಲಿ ಬೇಯಿಸಿ ಕಾಯಿತುರಿ ಹಾಕಿದ ಉಸಲಿ. ಹಲಸಿನ ಕಾಲ ಮುಗಿದ ಮೇಲೆ ಮಣ್ಣು ಸವರಿ ಎತ್ತಿಟ್ಟ ಬೀಜವನ್ನು ಕೆಂಡದಲ್ಲಿ ಸುಟ್ಟು ಕೊಟ್ಟರೆ ಮಳೆಗಾಲದ ಸಂಜೆಗೆ ಅದಕ್ಕಿಂತ ಬೇರೆ ಬೇಕೇ? ರಾಗಿ ನಮ್ಮ ಗದ್ದೆಯ ಬೆಳೆಯಲ್ಲ, ಬಯಲುಸೀಮೆಯದು, ಆದರೂ ತರಿಸಿಕೊಳ್ಳಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಹಾಲು, ಜೋನಿಬೆಲ್ಲ ಹಾಕಿದ ರಾಗಿ ಗಂಜಿ ರಾತ್ರಿ ಮಲಗುವ ಮುಂಚೆ ಹಿತ. ಮೊಟ್ಟೆ ತಿನ್ನುವ ಮನೆಯಲ್ಲಿ ದಿನಕ್ಕೊಂದು ಬೇಯಿಸಿದ ಮೊಟ್ಟೆ ಕೊಡಿ. ತಿನ್ನದ ಮನೆಯಲ್ಲಿ ಹಾಲು, ಮೊಸರು, ಮಜ್ಜಿಗೆಯನ್ನು ಶೀತವೆಂದು ನಿಲ್ಲಿಸಬೇಡಿ. ಬಿ-12 ಜೀವಸತ್ವಕ್ಕೆ ಸಸ್ಯಾಹಾರಿ ತಾಯಿಗಿರುವ ಮನೆಯ ಆಸರೆ ಅದೊಂದೇ. ಆಕೆಯಲ್ಲಿ ಅದು ಕಡಿಮೆಯಾದರೆ ಕೂಸಿಗೂ ಕಡಿಮೆಯಾಗುತ್ತದೆ.

ಮಳೆಗಾಲದ ಎಚ್ಚರಿಕೆಯೊಂದಿದೆ. ನಮ್ಮ ಆಷಾಢ ಶ್ರಾವಣದಲ್ಲಿ ಗೋಡೆಗೇ ಬೂಸರು ಹಿಡಿಯುತ್ತದೆ. ಶೇಂಗಾ, ಕೊಬ್ಬರಿಗಂತೂ ಬೇಗ. ಬೂಸರು ಹಿಡಿದ ಶೇಂಗಾದಲ್ಲಿ ಯಕೃತ್ತಿಗೆ ಕೆಡುಕಾದ ವಿಷ ಇರುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ. ಸುಕ್ಕಾದ, ಬಣ್ಣಗೆಟ್ಟ, ಕಹಿಯಾದ ಬೀಜವನ್ನು ಆರಿಸಿ ಎಸೆಯಿರಿ. ತಿಂಗಳಿಗಾಗುವಷ್ಟು ಮಾಡದೆ ವಾರ ಹತ್ತು ದಿನಕ್ಕೆ ಸಾಕಾಗುವಷ್ಟೇ ಮಾಡಿ. ಉಂಡೆ ಪೂರ್ತಿ ಆರಿದ ಮೇಲೆ ಒಣಗಿದ ಡಬ್ಬಿಗೆ ತುಂಬಿ, ಒಲೆಯ ಹತ್ತಿರದ ಬೆಚ್ಚನೆಯ ಜಾಗದಲ್ಲಿಡಿ. ಬಸುರಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿದ್ದವರು ಬೆಲ್ಲದ ಉಂಡೆಗೆ ಮುಂಚೆ ವೈದ್ಯರನ್ನು ಕೇಳಿ; ಅವರಿಗೆ ಉಸಲಿ, ಮೊಟ್ಟೆ, ಹುರಿದ ಶೇಂಗಾ ವಾಸಿ.

ಹಾಲು ಬರಿಸುವುದು ಯಾರು?

"ಇದನ್ನು ತಿಂದರೆ ಹಾಲು ಜಾಸ್ತಿ ಆಗುತ್ತದೆಯೇ?" ನೀವು ಕೇಳಲೆಂದು ಕಾದಿರುವ ಪ್ರಶ್ನೆ ಇದೆಂದು ನನಗೆ ಗೊತ್ತು. ಮೆಂತೆ, ಬೆಳ್ಳುಳ್ಳಿ, ಸಬ್ಬಸಿಗೆ, ಹಲವು ಮಕ್ಕಳ ತಾಯಿ ಬೇರು ಎಂದು ನಾವು ಕರೆಯುವ ಶತಾವರಿ ಎಲ್ಲಕ್ಕೂ ಆ ಹೆಸರಿದೆ. ಇವು ಹಾಲು ಹೆಚ್ಚಿಸುತ್ತವೆ ಎಂಬುದಕ್ಕೆ ಸಿಕ್ಕಿರುವ ಪುರಾವೆ ಬಲವಾದುದಲ್ಲ. ಹಾಲು ಬರಿಸುವುದು ಕೂಸಿನ ಬಾಯಿ. ಅದು ಚೀಪಿದಾಗ ತಾಯಿಯ ಮಿದುಳಿನಿಂದ ಎರಡು ರಸಗಳು ಹೊರಡುತ್ತವೆ. ಒಂದು ಹಾಲನ್ನು ತಯಾರಿಸುತ್ತದೆ, ಇನ್ನೊಂದು ಅದನ್ನು ಇಳಿಸುತ್ತದೆ. ಎದೆ ಎಷ್ಟು ಸಲ ಬರಿದಾಗುತ್ತದೋ ಅಷ್ಟು ಸಲ ತುಂಬುತ್ತದೆ. ಹುಟ್ಟಿದ ಗಂಟೆಯೊಳಗೆ ಎದೆಗೆ ಹಚ್ಚಿ, ಆ ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಬೇಡಿ, ಹಗಲು ರಾತ್ರಿ ಕೇಳಿದಾಗಲೆಲ್ಲ ಕುಡಿಸಿ. ಆರು ತಿಂಗಳು ತುಂಬುವವರೆಗೆ ಜೇನು, ಸಕ್ಕರೆ ನೀರು, ಡಬ್ಬದ ಹಾಲು ಯಾವುದೂ ಬೇಡ.

ಹಾಗಾದರೆ ಉಂಡೆ ಯಾತಕ್ಕೆ? ತಾಯಿಗಾಗಿ! ಆಕೆ ಅರೆಹೊಟ್ಟೆ ಉಂಡರೂ ಹಾಲು ಬಹುಮಟ್ಟಿಗೆ ಬರುತ್ತದೆ. ಪ್ರಕೃತಿ ಆಕೆಯ ಮೂಳೆಯ ಸುಣ್ಣವನ್ನು ತೆಗೆದು ಕೂಸಿಗೆ ಕೊಡುತ್ತದೆ. ಸವೆಯುವುದು ಆಕೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಲೆಕ್ಕದಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ನೂರು ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಗುಳಿಗೆಯನ್ನು ಹೆರಿಗೆಯ ನಂತರವೂ ನಿಲ್ಲಿಸಬೇಡಿ. ಬಿ-1, ಬಿ-12ರಂಥವು ಮಾತ್ರ ತಾಯಿಯಲ್ಲಿ ಮುಗಿದರೆ ಹಾಲಿನಲ್ಲೂ ಮುಗಿಯುತ್ತವೆ. ಅಲ್ಲಿ ಸವೆಯುವವರು ಇಬ್ಬರೂ.

ಡಬ್ಬಿ ತುಂಬುವವರು

2013ರ ಆಹಾರ ಭದ್ರತಾ ಕಾಯಿದೆ, ಹೆರಿಗೆಯಾದ ಆರು ತಿಂಗಳವರೆಗೆ ತಾಯಿಗೆ ಅಂಗನವಾಡಿಯ ಮೂಲಕ ಉಚಿತ ಆಹಾರವನ್ನು ಹಕ್ಕಾಗಿ ಕೊಟ್ಟಿದೆ. ಕರ್ನಾಟಕದಲ್ಲಿ 2017ರ ಅಕ್ಟೋಬರ್ 2ರಂದು ಶುರುವಾದ 'ಮಾತೃಪೂರ್ಣ' ಯೋಜನೆ ಇದೇ ಉದ್ದೇಶದ್ದು. ಹೆಸರು ಬರೆಸಿ, ಕೇಳಿ ಪಡೆಯಿರಿ. ಅದು ದಾನವಲ್ಲ, ಹಕ್ಕು. ಆದರೆ ಎರಡು ಮೈಲಿ ಗುಡ್ಡ ಇಳಿದು ಹತ್ತಬೇಕಾದ ಹಸಿಬಾಣಂತಿಗೆ ಮನೆಯ ಡಬ್ಬಿಯೇ ಮೊದಲ ಆಸರೆ.

ಆ ಡಬ್ಬಿಯನ್ನು ತುಂಬುವವರು ಯಾರು? ಬಾಣಂತಿಯಂತೂ ಅಲ್ಲ. ಅಜ್ಜಿಯ ಕೈಯಲ್ಲಿ ಹದವಿದೆ, ಅಮ್ಮನಿಗೆ ಅಕ್ಕರೆ ಇದೆ. ಶೇಂಗಾ ಕುಟ್ಟಲು ಗಂಡಸಿನ ರಟ್ಟೆಗೆ ಏನೂ ಅಡ್ಡಿಯಿಲ್ಲ. ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುವವನಿಗೆ ಉಂಡೆ ಕಟ್ಟುವುದು ದೊಡ್ಡ ವಿದ್ಯೆಯೇ? ಹೆಂಡತಿ ತವರಿನಲ್ಲಿದ್ದಾಳೆಂದು ಸುಮ್ಮನಿರುವ ಗಂಡಂದಿರು ಮಗುವನ್ನು ನೋಡಲು ಹೋಗುವಾಗ ಪೇಟೆಯ ಬಿಸ್ಕತ್ತಿನ ಪೊಟ್ಟಣದ ಬದಲು ಒಂದು ಡಬ್ಬಿ ಉಂಡೆ ಒಯ್ಯಲಿ.

ಅಜ್ಜಿಯಂದಿರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಮೆಣಸಿನ ಸಾರು ಇರಲಿ, ಎಣ್ಣೆನೀರು ಇರಲಿ, ಬೆಚ್ಚನೆಯ ಕೋಣೆ ಇರಲಿ. ನೀವು ಉಂಡ ಅಕ್ಕಿ ಮಾತ್ರ ಈಗ ನಿಮ್ಮ ಮೊಮ್ಮಗಳಿಗೆ ಸಿಗುತ್ತಿಲ್ಲ. ಅದಕ್ಕೆ ಬದಲಾಗಿ ಆಕೆಯ ತಲೆದೆಸೆಯಲ್ಲಿ ಒಂದು ಡಬ್ಬಿಯಿಡಿ, ಪಕ್ಕದಲ್ಲಿ ಒಂದು ಚೊಂಬು ಕಾದಾರಿದ ನೀರಿಡಿ. ರಾತ್ರಿ ಎರಡು ಗಂಟೆಗೆ ಮುಚ್ಚಳ ತೆಗೆದ ಸದ್ದು ಕೇಳಿದರೆ, "ಎಂಥ ಮಗಾ, ಹಸಿವಾಯಿತಾ? ತಿನ್ನು, ನಾಳೆ ಇನ್ನಷ್ಟು ಕಟ್ಟಿದರಾಯಿತು" ಎನ್ನಿ. ಆಕೆ ತಿಂದು ಮಲಗಲಿ.